ನಿಮಗಿದು ಗೊತ್ತೇ? ಕೆಸರು ಕಾಪಾಡಿದ ಮರ, ಕೈಹಿಡಿಯಬಹುದಾದ ಗಿಡಮೂಲಿಕೆ

ಬೇಲಿಯ ಗೂಟ ಮುರಿಯುವುದು ಯಾವಾಗಲೂ ನೆಲದ ಮಟ್ಟದಲ್ಲೇ. ಚಿಂತಾಮಣಿ ಸೀಮೆಯ ಯಾವ ರೈತರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಮರ ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಹದವಾಗಿ ಸಿಗುವ ಜಾಗ ಅದು. ಕೆರೆಯ ಹೂಳಿನ ಆಳದಲ್ಲಿ ನೀರುಂಟು, ಗಾಳಿಯಿಲ್ಲ. ಹಾಗಾಗಿ ಅಲ್ಲಿ ಹೂತುಹೋದ ಮರ ನೂರಾರು ವರ್ಷ, ಕೆಲವೆಡೆ ಸಾವಿರಾರು ವರ್ಷ ಆಕಾರ ಕೆಡದೆ ಉಳಿಯುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನ ಅರಮನೆ ನಿಂತಿರುವುದು ಕೆಸರಿಗೆ ಹೊಡೆದ 13,659 ಮರದ ಕಂಬಗಳ ಮೇಲೆ. ಹದಿನೇಳನೆಯ ಶತಮಾನದ ಕಟ್ಟಡ, ಇಂದಿಗೂ ಗಟ್ಟಿ.

ನಮ್ಮ ಕಡೆ ಇಂಥ ಮರ ಎಲ್ಲಿರುತ್ತದೆ? ಮೊದಲು ನೋಡಬೇಕಾದದ್ದು ಕೆರೆಯ ತೂಬು. ಕಬ್ಬಿಣದ ಗೇಟು ಬರುವ ಮುಂಚೆ ತೂಬನ್ನು ಮುಚ್ಚುತ್ತಿದ್ದದ್ದು ಮರದ ಬೆಣೆ. ಎರಡು ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಉದ್ದನೆಯ ಗಳು, ಅದರ ತುದಿಗೆ ಮೊನಚು ಬೆಣೆ, ಕೆಳಗಿನ ಚಪ್ಪಡಿಯಲ್ಲಿ ಅದಕ್ಕೆ ಸರಿಹೊಂದುವ ತೂತು. ನೀರಗಂಟಿ ಗಳುವನ್ನು ಎತ್ತಿದರೆ ಗದ್ದೆಗೆ ನೀರು, ಇಳಿಸಿದರೆ ಬಂದ್. ಹಳೆಯ ಬೆಣೆ ಸವೆದರೆ ಹೊಸದು ಹಾಕುತ್ತಿದ್ದರು, ಹಳೆಯದು ಎಷ್ಟೋ ಸಲ ಹೂಳಿಗೇ ಬೀಳುತ್ತಿತ್ತು. ಚಿಂತಾಮಣಿಗೆ ಕುಡಿಯುವ ನೀರು ಕೊಟ್ಟ ಕನ್ನಂಪಲ್ಲಿ ಕೆರೆಯಿರಲಿ, ಚಿಕ್ಕಬಳ್ಳಾಪುರದ ಕಂದವಾರ ಕೆರೆಯಿರಲಿ, ಈ ಸೀಮೆಯ ಕೆರೆಗಳ ಚರಿತ್ರೆಯಲ್ಲಿ ಕಲ್ಲಿನಷ್ಟೇ ಪಾಲು ಮರಕ್ಕೂ ಇದೆ. ಕಲ್ಲಿನ ಶಾಸನವನ್ನು ನಾವು ಓದಿ ಅಚ್ಚು ಹಾಕಿಸಿದೆವು. ಮರದ ತುಂಡನ್ನು ಸೌದೆಗೆ ಹಾಕಿದೆವು. ಕಪಿಲೆ ಬಾವಿಯ ರಾಟೆ, ಏತದ ಕೊರಡು, ತೆಪ್ಪದ ಹಲಗೆ ಎಲ್ಲದರದ್ದೂ ಇದೇ ಗತಿ.

ದಕ್ಷಿಣ ಭಾರತದ ಹಲವೆಡೆ ಬಾವಿಯ ತಳಕ್ಕೆ ನೆಲ್ಲಿ ಮರದ ಹಲಗೆ ಇಳಿಸುವ ರೂಢಿಯಿದೆ, ಗೊತ್ತೇ? ನೀರು ತಿಳಿಯಾಗುತ್ತದೆ, ಸಿಹಿಯಾಗುತ್ತದೆ ಎಂಬ ನಂಬಿಕೆ. ನೆಲ್ಲಿಯಲ್ಲಿ ಒಗರು ತುಂಬಿದೆ. ಆ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ವಸ್ತು ಪ್ರೋಟೀನನ್ನು ಹಿಡಿದು ಗಟ್ಟಿ ಮಾಡುತ್ತದೆ. ಸೂಕ್ಷ್ಮಜೀವಿಗಳು ಮರವನ್ನು ಕರಗಿಸಲು ಬಿಡುವ ಕಿಣ್ವಗಳೂ ಪ್ರೋಟೀನುಗಳೇ; ಟ್ಯಾನಿನ್ ತಾಗಿದರೆ ಅವು ಮಂಕಾಗುತ್ತವೆ. ತೊಗಲು ಹದ ಮಾಡಲು ತಂಗಡಿ ಚಕ್ಕೆ, ಜಾಲಿ ಚಕ್ಕೆ, ಅಳಲೆಕಾಯಿ ಬಳಸುವುದೂ ಇದೇ ಗುಣಕ್ಕಾಗಿ. ಗಿಡದಿಂದ ಬಂದ ಸೂಕ್ಷ್ಮಜೀವಿ ನಿರೋಧಕ ಎಂದು ಇಂದು ಪ್ರಯೋಗಾಲಯದಲ್ಲಿ ಕರೆಯುವ ವಸ್ತು ನಮ್ಮ ಬಾವಿಗಳಲ್ಲಿ, ತೊಗಲಿನ ತೊಟ್ಟಿಗಳಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿತ್ತು.

ಕೆಸರಿನಿಂದ ಎತ್ತಿದ ಹಳೆಯ ಮರವನ್ನು ಹತ್ತಿರದಿಂದ ನೋಡಿ. ಬಣ್ಣ ಕಪ್ಪು. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಡಿಯುತ್ತದೆ. ಗಾಳಿಯಿಲ್ಲದ ಕೆಸರಿನ ಬ್ಯಾಕ್ಟೀರಿಯಾ ಬಿಟ್ಟ ಗಂಧಕದ ಅನಿಲವದು. ಉಳಿಯ ಗುರುತು, ಗಂಟು, ವರ್ಷದ ಉಂಗುರ ಎಲ್ಲ ಸ್ಪಷ್ಟ. ನೋಡಿದರೆ ಗಟ್ಟಿಮುಟ್ಟು. ಗುಂಡುಸೂಜಿ ಚುಚ್ಚಿದರೆ ಮಾತ್ರ ಸಲೀಸಾಗಿ ಒಳಗಿಳಿಯುತ್ತದೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ತೀರಾ ಕಡಿಮೆ ಆಮ್ಲಜನಕದಲ್ಲೂ ನಿಧಾನವಾಗಿ ಮರದ ಸೆಲ್ಯುಲೋಸನ್ನು ತಿಂದುಬಿಟ್ಟಿರುತ್ತವೆ. ಉಳಿದದ್ದು ಲಿಗ್ನಿನ್ ಎಂಬ ಹಂದರ, ಅದರೊಳಗೆ ತುಂಬಿದ ನೀರು. ತೀರಾ ಹಾಳಾದ ಮರದಲ್ಲಿ ನೀರಿನ ತೂಕ ಒಣಮರದ ತೂಕದ ನಾಲ್ಕು ಪಟ್ಟನ್ನೂ ಮೀರಿರುತ್ತದೆ. ಅಂದರೆ ಐದು ಕಿಲೋ ತೂಗುವ ತುಂಡಿನಲ್ಲಿ ಮರ ಒಂದು ಕಿಲೋ ಕೂಡ ಇಲ್ಲ!

ಇಂಥ ಮರವನ್ನು ಬಿಸಿಲಿಗೆ ಇಟ್ಟರೆ ಏನಾಗುತ್ತದೆ? ನೀರು ಆವಿಯಾಗುತ್ತ ಹೋದಂತೆ ಸೊರಗಿದ ಕೋಶಗಳ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಗೋಡೆ ಕುಸಿಯುತ್ತದೆ, ಮರ ಸುರುಟುತ್ತದೆ, ಸೀಳುತ್ತದೆ. ಮತ್ತೆ ನೆನೆಸಿದರೂ ಹಳೆಯ ಆಕಾರ ಬರುವುದಿಲ್ಲ. ನೂರಾರು ವರ್ಷ ಕೆಸರು ಕಾಪಾಡಿದ್ದನ್ನು ನಮ್ಮ ಬೇಸಿಗೆಯ ಬಿಸಿಲು ಕೆಲವೇ ದಿನದಲ್ಲಿ ಮುಗಿಸುತ್ತದೆ.

ಗ್ರೀಕ್ ರಾಯಭಾರಿ ಮೆಗಸ್ತನೀಸ್ ಬಣ್ಣಿಸಿದ ಪಾಟಲಿಪುತ್ರದ ಮರದ ಕೋಟೆ ಕಲ್ಪನೆಯಲ್ಲ. ಪಟ್ನಾದ ಬುಲಂದಿಬಾಗ್‌ನಲ್ಲಿ 1926–27ರ ಉತ್ಖನನ ಆ ಮರದ ಗೋಡೆಯ ದೊಡ್ಡ ಭಾಗವನ್ನೇ ತೋರಿಸಿತು. ಅದಕ್ಕೂ ಮುಂಚೆ, 1912–13ರಲ್ಲಿ, ಡಿ.ಬಿ. ಸ್ಪೂನರ್ ಕುಮ್ರಾಹಾರ್‌ನಲ್ಲಿ ಅಗೆದಾಗ ಸಾಲ್ ಮರದ ದಿಮ್ಮಿಗಳ ಕಟ್ಟೆಗಳು ಸಿಕ್ಕಿದವು. ಆ ಅಗೆತಕ್ಕೆ ಹಣ ಕೊಟ್ಟವರು ರತನ್ ಟಾಟಾ, ಜಮ್‌ಶೆಟ್‌ಜಿ ಅವರ ಮಗ. ಎರಡು ಸಾವಿರ ವರ್ಷಕ್ಕೂ ಹಳೆಯ ಮರ ಅಲ್ಲಿ ಉಳಿದದ್ದು ಗಂಗೆಯ ಒದ್ದೆ ಮಣ್ಣಿನಿಂದ.

ಕೇರಳದ ಪಟ್ಟಣಂನಲ್ಲಿ 2007ರಲ್ಲಿ ಸಿಕ್ಕ ದೋಣಿ ಹೆಬ್ಬಲಸಿನದು. ಸುಮಾರು ಆರು ಮೀಟರ್ ಉದ್ದ. ಪಕ್ಕದಲ್ಲೇ ದೋಣಿ ಕಟ್ಟಲು ನೆಟ್ಟ ತೇಗದ ಗೂಟಗಳು. ಒದ್ದೆ ಮಣ್ಣಿನಲ್ಲಿ ಅವುಗಳ ಜೊತೆ ಕರಿಮೆಣಸಿನ ಕಾಳುಗಳೂ ಉಳಿದಿದ್ದವು. ನಮ್ಮ ಮಲೆನಾಡಿನವರು ಹೆಬ್ಬಲಸನ್ನು ಇಂದಿಗೂ ಬಾಗಿಲು, ತೊಲೆಗೆ ಆರಿಸಿಕೊಳ್ಳುತ್ತಾರೆ.

ಹರಪ್ಪ ಕಾಲದ ಲೋಥಲ್ ನೆಲೆಯನ್ನು ಅಗೆದು, ಆಮೇಲೆ ದ್ವಾರಕೆಯ ಕಡಲಡಿಯಲ್ಲಿ ಶೋಧ ನಡೆಸಿದ ಶಿಕಾರಿಪುರ ರಂಗನಾಥ ರಾವ್ ಕನ್ನಡಿಗರು. ಭಾರತದಲ್ಲಿ ಕಡಲ ಪುರಾತತ್ವಕ್ಕೆ ಅಡಿಪಾಯ ಹಾಕಿದವರೇ ಅವರು. ದ್ವಾರಕೆಯಲ್ಲಿ ಕಲ್ಲಿನ ಲಂಗರುಗಳು ಬೇಕಾದಷ್ಟು ಸಿಕ್ಕವು, ಹಡಗಿನ ಮರ ಸಿಗಲಿಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ಮರ ಕೊರೆಯುವ ಹಡಗುಹುಳು ಹೇರಳ. ಹೆಸರಿಗೆ ಹುಳು, ನಿಜದಲ್ಲಿ ಅದು ಕಪ್ಪೆಚಿಪ್ಪಿನ ಬಳಗದ ಜೀವಿ. ನಮ್ಮ ಬಯಲುಸೀಮೆಯ ಸಿಹಿನೀರಿನ ಕೆರೆಗಳಲ್ಲಿ ಅದರ ಕಾಟವಿಲ್ಲ. ಕಡಲಿಗಿಂತ ಕೆರೆಯ ಹೂಳನ್ನು ಹೆಚ್ಚು ಆಸೆಯಿಂದ ನೋಡಬೇಕಾದದ್ದು ಇದಕ್ಕೇ.

ಸ್ವೀಡನ್ನಿನ ವಾಸಾ ಹಡಗು 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ ಮುಳುಗಿತು; 1961ರ ಏಪ್ರಿಲ್ 24ರಂದು ಮೇಲೆ ಬಂತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಅಲ್ಲಿ ಹಡಗುಹುಳು ಬಾಳುವುದಿಲ್ಲ. ಎತ್ತಿದ ಮೇಲೆ 17 ವರ್ಷ ಅದರ ಮೇಲೆ ಪಾಲಿಎಥಿಲಿನ್ ಗ್ಲೈಕಾಲ್ ದ್ರಾವಣ ಸಿಂಪಡಿಸಿದರು. ಮುಲಾಮು, ಕ್ರೀಮುಗಳಲ್ಲಿರುವ ವಸ್ತುವೇ ಅದು. ಮರದೊಳಗೆ ನೀರಿನ ಜಾಗಕ್ಕೆ ಇದು ಹೋಗಿ ಕೂತರೆ ಗೋಡೆ ಕುಸಿಯುವುದಿಲ್ಲ. ಬೂಷ್ಟು ಹಿಡಿಯದಿರಲು ದ್ರಾವಣಕ್ಕೆ ಬೋರಿಕ್ ಆಮ್ಲ ಮತ್ತು ಬಿಳಿಗಾರ ಸೇರಿಸಿದ್ದರು. ಚಿಂತಾಮಣಿಯ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ.

ನಾರ್ವೆಯ ಓಸೆಬರ್ಗ್ ದಿಬ್ಬವನ್ನು 1904ರಲ್ಲಿ ಅಗೆದಾಗ ಸಿಕ್ಕ ಕೆತ್ತನೆಯ ಜಾರುಬಂಡಿಗಳನ್ನು ಪಟಿಕದ ಬಿಸಿ ದ್ರಾವಣದಲ್ಲಿ ಅದ್ದಿದರು. ಆ ಕಾಲಕ್ಕೆ ಅದೇ ಉತ್ತಮ ದಾರಿ. ನೂರು ವರ್ಷ ಕಳೆದ ಮೇಲೆ ನೋಡಿದರೆ, ಪಟಿಕದಿಂದ ಹುಟ್ಟಿದ ಗಂಧಕಾಮ್ಲ ಮರವನ್ನು ಒಳಗಿನಿಂದ ತಿಂದಿತ್ತು. ಯಾವ ಮದ್ದನ್ನೇ ಆಗಲಿ ಮೂರು ತಿಂಗಳ ಫಲಿತಾಂಶ ನೋಡಿ ಹೊಗಳಬಾರದು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಮುಖ್ಯವಾದ ಎಚ್ಚರ ಇದು. ಗಿಡಮೂಲಿಕೆಗೂ ಅದು ಅನ್ವಯಿಸುತ್ತದೆ.

ಸಕ್ಕರೆಯಿಂದಲೂ ಮರ ಉಳಿಸಬಹುದು. ಕುಬ್ಲಾಯ್ ಖಾನನ ನೌಕಾಪಡೆ 1281ರಲ್ಲಿ ಮುಳುಗಿದ ಜಪಾನಿನ ತಕಶಿಮಾದಲ್ಲಿ ಸಿಕ್ಕ ಹಡಗಿನ ಮರಗಳಿಗೆ ಟ್ರೆಹಲೋಸ್ ಎಂಬ ಸಕ್ಕರೆ ಕುಡಿಸಿದ್ದಾರೆ.

ಎತ್ತಿದ ಮರಕ್ಕೆ ನಿಜವಾದ ಗಂಡಾಂತರ ತೊಟ್ಟಿಯಲ್ಲಿ ಶುರುವಾಗುತ್ತದೆ. ಚಿಕಿತ್ಸೆಗೆ ಮುಂಚೆ ಮರವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೀರಿನಲ್ಲೇ ಇಡಬೇಕು. ಈಗ ಗಾಳಿ ಸಿಕ್ಕಿದೆ, ಬೆಳಕು ಸಿಕ್ಕಿದೆ. ಪಾಚಿ, ಲೋಳೆ, ಬೂಷ್ಟು ಮೂರೂ ಒಟ್ಟಿಗೆ ಏರುತ್ತವೆ. ಚೀನಾದ ನಾನ್‌ಹಾಯ್–1 ಹಡಗನ್ನು 2007ರಲ್ಲಿ ಸಮುದ್ರದಿಂದ ಎತ್ತಿ ವಸ್ತುಸಂಗ್ರಹಾಲಯದೊಳಗೆ ತಂದ ಮೇಲೂ ಅದರ ಮರಕ್ಕೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಹಿಡಿಯಿತು. ಟೊಮೆಟೊ ಬೆಳೆಯುವ ಚಿಂತಾಮಣಿಯವರಿಗೆ ಈ ಹೆಸರು ಹೊಸದಲ್ಲ. ಗಿಡ ಸೊರಗಿಸುವ ರೋಗದ ಶಿಲೀಂಧ್ರದ ಸಂಬಂಧಿ ಇದು. ಇಂಗ್ಲೆಂಡಿನ ಮೇರಿ ರೋಸ್ ಹಡಗಿಗೆ ತಣ್ಣೀರು ಸಿಂಪಡಿಸಿ ಸೂಕ್ಷ್ಮಜೀವಿಗಳನ್ನು ತಡೆದರು. ತೊಟ್ಟಿಗಳಲ್ಲಿಟ್ಟ ಅದರ ಮರಗಳಿಗೆ ಬೂಷ್ಟು ಬಂದಾಗ ಬಳಸಿದ ಒಂದು ಉಪಾಯ ಕೇಳಿದರೆ ಅಚ್ಚರಿಯಾದೀತು: ಕೊಳದ ಬಸವನಹುಳುಗಳನ್ನು ಬಿಟ್ಟರು. ಅವು ಬೂಷ್ಟನ್ನು ಮೇಯ್ದವು, ಮರವನ್ನು ಮುಟ್ಟಲಿಲ್ಲ.

ಮರ ಕಾಯುವ ವಿಷಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ಭಾರತದಲ್ಲೇ ಹುಟ್ಟಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಅದನ್ನು ರೂಪಿಸಿದರು. ಅಮೆರಿಕದ ಕರೆಂಟು ಕಂಬಗಳಿಂದ ಮನೆಯ ಅಂಗಳದ ಬೇಲಿಯವರೆಗೆ ಎಲ್ಲೆಡೆ ಅದು ಹರಡಿತು. ಆರ್ಸೆನಿಕ್ಕಿನ ಭಯದಿಂದ 2003ರ ಕೊನೆಗೆ ಅಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ತಾಮ್ರದ ಶಕ್ತಿ ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರಿಗೆ ಚೆನ್ನಾಗಿ ಗೊತ್ತು. ಅವರ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಪುಸ್ತಕ ಬೈಂಡಿಂಗ್ ಮಾಡುವವರೂ ಮೈದಾ ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ವಸ್ತುಸಂಗ್ರಹಾಲಯದಲ್ಲಿ ಮಾತ್ರ ಈ ವಿಷಗಳಿಂದ ತೊಂದರೆ ಹೆಚ್ಚು. ಮರವನ್ನು ದಿನವೂ ಮುಟ್ಟುವ ಸಿಬ್ಬಂದಿಯ ಆರೋಗ್ಯ, ತೊಟ್ಟಿಯ ನೀರನ್ನು ಎಲ್ಲಿ ಚೆಲ್ಲುವುದು ಎಂಬ ಚಿಂತೆ, ಎರಡೂ ಇವೆ. ಗಿಡಗಳ ಕಡೆ ಸಂಶೋಧಕರು ತಿರುಗಿದ್ದು ಹೀಗೆ.

ಲವಂಗದೆಣ್ಣೆಯ ಬಹುಪಾಲು ಯುಜೆನಾಲ್. ಓಂಕಾಳಿನ ಎಣ್ಣೆಯ ಮುಖ್ಯ ಸತ್ವ ಥೈಮಾಲ್. ದಾಲ್ಚಿನ್ನಿಯದು ಸಿನಮಾಲ್ಡಿಹೈಡ್. ಮೂರೂ ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಇವೆ.

ಇವು ಕೆಲಸ ಮಾಡುವ ಬಗೆ ಕಣ್ಣಿಗೆ ಕಾಣುವಂಥದ್ದು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೂಷ್ಟು ಬಿತ್ತಿ, ನಡುವೆ ಲವಂಗದೆಣ್ಣೆ ತೊಟ್ಟಿಕ್ಕಿದ ಕಾಗದದ ಪುಟ್ಟ ಬಿಲ್ಲೆ ಇಡುತ್ತಾರೆ. ಕೆಲವು ದಿನ ಕಳೆದರೆ ತಟ್ಟೆಯೆಲ್ಲ ಬೂದು ಬಣ್ಣದ ಹತ್ತಿ. ಬಿಲ್ಲೆಯ ಸುತ್ತ ಮಾತ್ರ ಒಂದು ಖಾಲಿ ಉಂಗುರ. ಆ ಉಂಗುರ ಎಷ್ಟು ಅಗಲವೋ ಎಣ್ಣೆಯ ಶಕ್ತಿ ಅಷ್ಟು. ಯುಜೆನಾಲ್, ಥೈಮಾಲ್‌ನಂಥ ಅಣುಗಳು ಸೂಕ್ಷ್ಮಜೀವಿಯ ಹೊರಪೊರೆಯ ಕೊಬ್ಬಿನೊಳಗೆ ನುಸುಳಿ ಅದನ್ನು ಸಡಿಲ ಮಾಡುತ್ತವೆ. ಒಳಗಿನ ಲವಣಗಳು ಹೊರಗೆ ಸೋರಿ ಜೀವಿ ಸಾಯುತ್ತದೆ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾಯಿತು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದದ್ದು ಅಲ್ಲೇ. ಅಲ್ಲಿನ ತಾಳೆಗರಿಗಳಿಗೆ ಹಚ್ಚುವುದು ಸಿಟ್ರೊನೆಲ್ಲಾ ಎಣ್ಣೆ, ಅಂದರೆ ನಿಂಬೆಹುಲ್ಲಿನ ಬಳಗದ ಹುಲ್ಲಿನಿಂದ ಇಳಿಸಿದ್ದು. ಗರಿ ಮೆದುವಾಗುತ್ತದೆ, ಹುಳು ದೂರವಿರುತ್ತದೆ. ಓಲೆಯ ಕಟ್ಟಿನ ನಡುವೆ ಬಜೆ, ಬೇವಿನೆಲೆ, ಲಕ್ಕಿ ಸೊಪ್ಪು ಇಡುತ್ತಿದ್ದ ಮನೆಗಳು ನಮ್ಮಲ್ಲಿ ಎಷ್ಟೋ ಇದ್ದವು. ತಾಳೆಗರಿಗೆ ಒಗ್ಗಿದ್ದು ನೆನೆದ ಮರಕ್ಕೂ ಒಗ್ಗುತ್ತದೆ ಎಂದು ಮಾತ್ರ ತಿಳಿಯಬೇಡಿ. ಓಲೆ ಒಣಗಿದ್ದು, ತೆಳುವಾದದ್ದು. ನೆನೆದ ಮರ ದಪ್ಪ, ಒಳಗೆಲ್ಲ ನೀರು. ಎಣ್ಣೆ ಮೇಲೆಯೇ ತೇಲುತ್ತದೆ.

ಎಣ್ಣೆಯನ್ನು ನೀರಿನೊಡನೆ ಬೆರೆಸುವುದು ಹೇಗೆ? ಅಂಟುವಾಳ! ಅದರ ನೊರೆಗೆ ಕಾರಣವಾದ ಸಪೋನಿನ್ ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹಿಡಿದಿಡುತ್ತದೆ. ಸಪೋನಿನ್‌ಗೆ ಸ್ವಲ್ಪ ಶಿಲೀಂಧ್ರ ತಡೆಯುವ ಗುಣವೂ ಇದೆ. ಹಳೆಯ ರೇಷ್ಮೆ ಬಟ್ಟೆಗಳನ್ನು ತೊಳೆಯಲು ನಮ್ಮ ದೇಶದ ಸಂರಕ್ಷಕರು ಅಂಟುವಾಳವನ್ನು ಮೊದಲಿನಿಂದ ನಂಬಿದ್ದಾರೆ. ರೇಷ್ಮೆಯೂರು ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೈನ್ ಮರದ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ನೆನೆದ ಮರದೊಳಗೆ ತುಂಬುವ ವಿಧಾನವನ್ನು ಸ್ಕಾಟ್ಲೆಂಡಿನ ಸಂಶೋಧಕರು 1972ರಲ್ಲಿ ಪ್ರಕಟಿಸಿದರು. ಅಸಿಟೋನ್‌ಗೆ ಬೆಂಕಿಯ ಭಯವಿದೆ, ಆದ್ದರಿಂದ ಸಣ್ಣ ವಸ್ತುಗಳಿಗಷ್ಟೇ ಹೊಂದುತ್ತದೆ.

ಓಸೆಬರ್ಗ್ ಮರಗಳನ್ನು ಉಳಿಸಲು ಓಸ್ಲೋದ ಸಂಶೋಧಕರು ಮಾಡಿದ ಒಂದು ಪ್ರಯತ್ನ ನನಗೆ ಬಹಳ ಹಿಡಿಸಿದೆ. ಲವಂಗದ ಯುಜೆನಾಲ್‌ನ ಹತ್ತಿರದ ನೆಂಟ ಐಸೊಯುಜೆನಾಲ್. ಅದರ ಅಣುಗಳನ್ನು ಒಂದಕ್ಕೊಂದು ಪೋಣಿಸಿ, ಮರದ ಸ್ವಂತ ಲಿಗ್ನಿನ್ನನ್ನು ಹೋಲುವ ವಸ್ತು ಮಾಡಿದರು. ಕಳೆದುಹೋದ ಬಲಕ್ಕೆ ಬದಲಾಗಿ ಮರದ ಜಾತಿಯದೇ ವಸ್ತುವನ್ನು ತುಂಬುವ ಯೋಚನೆ ಇದು. ಹೊರಗಿನ ಮೇಣ ತುಂಬುವುದಕ್ಕಿಂತ ಇದು ಸರಿಯಾದ ದಾರಿ ಎಂದು ನಾನು ನಂಬುತ್ತೇನೆ.

ಗಿಡಮೂಲದ್ದು ಎಂದರೆ ನಿರಪಾಯ ಎಂದಲ್ಲ. ಬೇವಿನ ಸತ್ವ ರೇಷ್ಮೆಹುಳುವಿಗೆ ವಿಷ. ಹಿಪ್ಪುನೇರಳೆ ತೋಟದ ಬದಿಯಲ್ಲಿ ಬೇವಿನೆಣ್ಣೆ ಸಿಂಪಡಿಸಿದರೆ ಏನಾಗುತ್ತದೆ ಎಂದು ಚಿಂತಾಮಣಿ, ಶಿಡ್ಲಘಟ್ಟದ ಹುಳು ಮನೆಗಳಲ್ಲಿ ಕೇಳಿ. ಥೈಮಾಲ್ ಆವಿ ವಾರ್ನಿಷನ್ನು ಮೆದು ಮಾಡುತ್ತದೆ, ಬಣ್ಣ ಬಳಿದ ತೇರಿನ ಗೊಂಬೆಗೆ ಅದು ಬೇಡ. ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಶಾಯಿಯಂತೆ ಕಪ್ಪಾಗುತ್ತದೆ. ಕಬ್ಬಿಣದ ಮೊಳೆ ಇರುವ ಹಲಗೆಗೆ ಅಳಲೆಕಾಯಿ ಕಷಾಯ ಹಾಕಬಾರದು. ಇನ್ನು ಸುಗಂಧ ತೈಲಗಳೆಲ್ಲ ಹಾರಿಹೋಗುವಂಥವು. ಇವತ್ತಿನ ಕಾವಲು ಬರುವ ತಿಂಗಳಿಗೆ ಇರುವುದಿಲ್ಲ. ಜೇಡಿಯ ಸೂಕ್ಷ್ಮ ಕೊಳವೆಗಳಲ್ಲಿ ತೈಲ ತುಂಬಿಟ್ಟು ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಪ್ರಯೋಗಗಳು ನಡೆದಿರುವುದು ಈ ಕೊರತೆ ನೀಗಲು.

ನೀರು ಇಳಿದರೆ ನೆಲದೊಳಗಿನ ಮರವೂ ಹೋಗುತ್ತದೆ. ನಾರ್ವೆಯ ಬರ್ಗನ್ ಊರಿನ ಬ್ರಿಗೆನ್ ಕೇರಿಯಲ್ಲಿ ಪಕ್ಕದ ಕಟ್ಟಡದ ಕೆಲಸದಿಂದ ಅಂತರ್ಜಲ ಕುಸಿದು, ಮಧ್ಯಯುಗದ ಮರದ ಪದರಗಳು ಕೊಳೆಯತೊಡಗಿದವು. ಮಳೆನೀರು ಇಂಗಿಸಿ ಮಟ್ಟ ಏರಿಸಿದ ಮೇಲೆ ಕೊಳೆತ ತಗ್ಗಿತು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ವರ್ಷವಾಯಿತು. ತೆರೆದ ಬಾವಿಗಳು ಬತ್ತಿ, ಕಸದ ಗುಂಡಿಗಳಾದವು. ಅವುಗಳ ತಳದಲ್ಲಿದ್ದ ಮರಕ್ಕೆ ಗಾಳಿ ತಾಗಿತು. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಿಂದ ಕೆಲವು ಕೆರೆಗಳಿಗೆ ಈಗ ನೀರು ಬಂದಿದೆ, ಸಂತೋಷ. ನೀರು ಬರುವ ಮುಂಚೆ ಜೆಸಿಬಿ ಹೂಳೆತ್ತುತ್ತದೆ, ಲಾರಿ ತುಂಬಿ ಹೊಲಕ್ಕೆ ಹೋಗುತ್ತದೆ. ಆ ಹೂಳಿನಲ್ಲಿ ಏನಿತ್ತು ಎಂದು ನೋಡುವವರು ಯಾರೂ ಇರುವುದಿಲ್ಲ. ನನಗೆ ನೋವಾಗುವುದು ಇಲ್ಲೇ.

ಪರೀಕ್ಷಿಸಬಲ್ಲ ಜಾಗಗಳು ದೂರದಲ್ಲೇನೂ ಇಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಬೇರು 1938ರ ಅರಣ್ಯ ಸಂಶೋಧನಾ ಪ್ರಯೋಗಾಲಯದಲ್ಲಿದೆ. ಮರ ಯಾವ ಜಾತಿಯದು ಎಂದು ಅಂಗುಲದ ತುಂಡಿನಿಂದ ಹೇಳಬಲ್ಲವರು ಅಲ್ಲಿದ್ದಾರೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಚಿಂತಾಮಣಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ. ಹೊಂಗೆ, ಲಕ್ಕಿ, ತಂಗಡಿ, ನೆಲ್ಲಿ ಇಲ್ಲಿನ ಬದುಗಳಲ್ಲೇ ಸಿಗುತ್ತವೆ. ಹೂಳಿನಿಂದ ಎತ್ತಿದ ಒಂದು ತೂಬಿನ ಬೆಣೆಯನ್ನೇ, ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು, ತುಂಡು ಮಾಡಿ, ಒಂದೊಂದು ಕಷಾಯದಲ್ಲಿ ಒಂದೊಂದನ್ನು ಇಟ್ಟು ವರ್ಷಗಟ್ಟಲೆ ಗಮನಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು. ಅದಕ್ಕೆ ದೊಡ್ಡ ಹಣ ಬೇಡ, ತಾಳ್ಮೆ ಬೇಕು.

ನಿಮ್ಮೂರ ಕೆರೆ, ಕಲ್ಯಾಣಿ, ಬಾವಿಯ ಹೂಳೆತ್ತುವಾಗ ಕಪ್ಪು ಮರ ಕಂಡರೆ ದಯವಿಟ್ಟು ಹೀಗೆ ಮಾಡಿ. ಯಂತ್ರ ನಿಲ್ಲಿಸಿ. ಮರ ಇದ್ದ ಜಾಗದಲ್ಲೇ, ಮುಟ್ಟುವ ಮುಂಚೆ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಎತ್ತಲೇಬೇಕಾದರೆ ಕೆಳಗೆ ಹಲಗೆ ಕೊಟ್ಟು ಎತ್ತಿ. ಹಗ್ಗ ಕಟ್ಟಿ ಎಳೆಯಬೇಡಿ. ಅದೇ ಕೆರೆಯ ನೀರಿನಲ್ಲಿ ಅದ್ದಿದ ಗೋಣಿಚೀಲ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ನೆರಳಿನಲ್ಲಿಡಿ, ಒಣಗಲು ಬಿಡಬೇಡಿ. ಬೇವಿನೆಣ್ಣೆ, ಅರಿಶಿನ, ವಾರ್ನಿಷ್, ಫಿನಾಯಿಲ್ ಏನನ್ನೂ ಹಚ್ಚಬೇಡಿ. ಹಚ್ಚಿದ್ದನ್ನು ಆಮೇಲೆ ತೆಗೆಯಲಾಗದು, ವಯಸ್ಸು ಅಳೆಯುವ ಪರೀಕ್ಷೆಯೂ ಕೆಡುತ್ತದೆ. ಪಂಚಾಯಿತಿಗೆ, ತಹಶೀಲ್ದಾರರಿಗೆ ತಿಳಿಸಿ, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ನೂರು ವರ್ಷ ದಾಟಿದ ಇಂಥ ವಸ್ತುವನ್ನು 1972ರ ಪುರಾವಸ್ತು ಕಾಯ್ದೆ ಕಾಪಾಡುತ್ತದೆ. ಇಲಾಖೆಯವರು ಬರುವವರೆಗೆ ಗೋಣಿಚೀಲಕ್ಕೆ ದಿನಕ್ಕೆರಡು ಸಲ ನೀರು ಚಿಮುಕಿಸುವ ಜವಾಬ್ದಾರಿ ನಿಮ್ಮದು.